ಬನದ ಅಮ್ಮನಿಗೆ ಬಿಸಿನೀರು

ಕಲ್ಲಿಗೆ ಯಾರಾದರೂ ಕುಡಿಯಲು ಬಿಸಿನೀರು ಕೊಡುತ್ತಾರಾ?

ಹೋದ ವಾರ ನಾನು ಕೊಟ್ಟು ಬಂದೆ.

ಪಕ್ಕದ ಮನೆ ಗಿರಿಜಕ್ಕ ನಿಮಗೆ ಗೊತ್ತಲ್ಲ (ಹಲಸಿನ ಹಪ್ಪಳದ ಜಗಳ ಬರೆದಿದ್ದೆನಲ್ಲ, ಅವರೇ). ಅವರ ಗದ್ದೆಯಂಚಿನ ಬನದಲ್ಲಿ ಒಂದು ಕರಿಕಲ್ಲು. ಮನೆಯವರು ‘ಅಮ್ಮ’ ಎನ್ನುತ್ತಾರೆ. ಊರವರು ದನಿ ತಗ್ಗಿಸಿ ‘ಭೂತ’ ಎನ್ನುತ್ತಾರೆ. ದೀಪಾವಳಿ ಕಳೆದ ಮೇಲೆ ವರ್ಷಕ್ಕೊಂದು ಎಡೆ.

ಈ ಸಲದ್ದೇ ಕೊನೆಯ ಎಡೆ, ಅಡುಗೆಗೆ ಬಾ ಎಂದು ಕರೆದಿದ್ದರು. ಅವರ ಮಗ ಜೋಯಿಸರನ್ನು ಕೇಳಿ, ಅಮ್ಮನನ್ನು ದುರ್ಗೆ ಮಾಡಿಸುವುದೆಂದು ತೀರ್ಮಾನಿಸಿದ್ದ. ಹೊಸನಗರದಲ್ಲಿ ಬೆಳ್ಳಿ ಮುಖ ಆರ್ಡರ್ ಆಗಿತ್ತು. ಇನ್ನು ಮೇಲೆ ಪಂಚಕಜ್ಜಾಯ, ಮಂಗಳಾರತಿ. ಒಂಥರಾ ಪ್ರಮೋಷನ್!

ಎಡೆಗೆ ಮೆತ್ತಗೆ ಬೆಂದ ಅನ್ನ. ಕಾಳುಮೆಣಸಿನ ಸಾರು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಮಜ್ಜಿಗೆ ಕೂಡದು. ಪಕ್ಕಕ್ಕೊಂದು ಚೊಂಬು ಬಿಸಿನೀರು.

“ಬಿಸಿನೀರು ಎಂತಕ್ಕೆ ಗಿರಿಜಕ್ಕ?”

“ಅಮ್ಮಂಗೆ ತಣ್ಣೀರು ಆಗಲ್ಲ ಮಾರಾಯ್ತಿ. ನಮ್ಮತ್ತೆ ಹೇಳಿದ್ದು. ಅವ್ರಿಗೆ ಅವ್ರತ್ತೆ.”

ನನ್ನ ಹೆಣ್ಣುಮಕ್ಕಳಿಗೆ ನಾನು ಮಾಡಿ ಬಡಿಸಿದ್ದು ಇದನ್ನೇ ಅಲ್ಲವೇ? ಇದು ಬಾಣಂತಿಯ ಊಟ.

“ಈ ಅಮ್ಮ ಹೆರಿಗೆಯಲ್ಲಿ ಹೋದ ನಿಮ್ಮನೆ ಸೊಸೆಯಾ?” ಎಂದೆ.

ಗಿರಿಜಕ್ಕ ಒಲೆ ಊದಿದರು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಮಾತಾಡಿದ್ದು ಅವರ ಸೊಸೆ ಸವಿತಾ. ತುಂಬು ಬಸುರಿ. ತವರಲ್ಲಿ ತಾಯಿಯಿಲ್ಲ, ಬಾಣಂತನ ಇಲ್ಲೇ. ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು.

“ಹಂಗಾರೆ ಆಂಟಿ, ಅಮ್ಮನ ಮಗು ಎಂತಾಯ್ತು?”

ಯಾರಿಗೆ ಗೊತ್ತು?

ಬೌದ್ಧರ ಕಥೆಯಲ್ಲಿ ಹಾರೀತಿ ಎಂಬ ಯಕ್ಷಿ ಬರುತ್ತಾಳೆ. ಊರ ಮಕ್ಕಳನ್ನು ತಿನ್ನುವವಳು. ಹಿಂದಿನ ಜನ್ಮದಲ್ಲಿ ಅವಳೂ ಒಬ್ಬ ಬಸುರಿ. ಹಬ್ಬದ ಗದ್ದಲದಲ್ಲಿ ಜನ ಅವಳನ್ನು ಕುಣಿಯಲು ಹಚ್ಚಿದರು, ಗರ್ಭ ಇಳಿದಾಗ ಬಿಟ್ಟು ನಡೆದರು. ಆ ಸಂಕಟವೇ ಮರಳಿ ಯಕ್ಷಿಯಾಗಿ ಹುಟ್ಟಿತು. ಬುದ್ಧ ಅವಳನ್ನು ಕೊಲ್ಲಲಿಲ್ಲ. ಭಿಕ್ಷುಗಳ ಊಟದಲ್ಲಿ ದಿನವೂ ಅವಳಿಗೊಂದು ಪಾಲು ಎತ್ತಿಡಿಸಿದ. ಅವಳು ಮಕ್ಕಳನ್ನು ಕಾಯುವ ದೇವತೆಯಾದಳು. ನಮ್ಮ ಪುರಾಣದಲ್ಲೂ ದೇವತೆಗಳು, ದೈತ್ಯರು ಒಬ್ಬನೇ ಕಶ್ಯಪನ ಮಕ್ಕಳು ತಾನೇ?

ಎತ್ತಿಡುವ ಪಾಲು ನಿಂತುಹೋದರೆ?

ಸವಿತಾಳಿಗೂ ಅದೇ ಹೊಳೆದಿರಬೇಕು. “ಮುಖ ಬೇಕಾರೆ ಹಾಕ್ಲಿ ಅತ್ತೆ. ಊಟ ನಿಲ್ಸಬೇಡಿ. ನಾನು ಇಲ್ಲೇ ಹೆರ್ಬೇಕು.”

“ಸುಮ್ನಿರೇ, ಬಸುರಿ ಬಾಯಲ್ಲಿ ಇದೆಲ್ಲ ಬರಬಾರ್ದು!” ಗಿರಿಜಕ್ಕ ಗದರಿದರು.

ಬಸುರಿ ಬನಕ್ಕೆ ಹೋಗುವಂತಿಲ್ಲ. ಗಿರಿಜಕ್ಕನ ಹಿಂದೆ ಚೊಂಬು ಹಿಡಿದು ನಾನು ಹೊರಟೆ. ಸವಿತಾ ಒಂದು ಮೆತ್ತನೆ ಬಟ್ಟೆ ತಂದುಕೊಟ್ಟಳು. ಕೂಸಿಗೆಂದು ಹಳೇ ಸೀರೆ ಹರಿದು, ಒಗೆದು ಮಡಿಸಿಟ್ಟದ್ದು.

“ಎಲೆ ಪಕ್ಕ ಇಡಿ ಆಂಟಿ.”

ಇಟ್ಟೆ. ತಿರುಗಿ ನೋಡಬಾರದಂತೆ. ನೋಡಲಿಲ್ಲ.

ಸಂಜೆ ಎಲೆ ತೆಗೆಯಲು ಹೋದೆವು. ಪ್ರತಿ ವರ್ಷ ಕಾಗೆಗಳು ಒಂದಗುಳೂ ಬಿಡುವುದಿಲ್ಲವಂತೆ. ಈ ಸಲ ಅನ್ನ ಇಟ್ಟ ಹಾಗೇ ಇತ್ತು. ನೀರೂ ಹಾಗೇ ಇತ್ತು. ಬಟ್ಟೆ ಇರಲಿಲ್ಲ. ಗಾಳಿಯೂ ಇರಲಿಲ್ಲ.

ಗಿರಿಜಕ್ಕ ಅಲ್ಲೇ ನಿಂತು ಮಗನಿಗೆ ಫೋನ್ ಮಾಡಿದರು. “ಬೆಳ್ಳಿ ಮುಖ ಬ್ಯಾಡ ಅಂತ ಹೇಳ್ಬಿಡು. ಬರೋ ವರ್ಷನೂ ನಾನೇ ಅಡುಗೆ ಮಾಡ್ತೀನಿ.”

ಬಟ್ಟೆಯನ್ನು ಮಂಗ ಒಯ್ದಿರಬೇಕು ಎಂದರಂತೆ ಜೋಯಿಸರು. ಇರಬಹುದು.

ತುಪ್ಪದ ಅನ್ನ ಬಿಟ್ಟು ಕೂಸಿನ ಬಟ್ಟೆ ಎತ್ತಿಕೊಂಡು ಹೋಗುವ ಮಂಗವನ್ನು ನೀವು ನೋಡಿದ್ದೀರಾ?