ಸಾರಿಸಿದ ಅಂಗಳ

ಡ್ರೋನ್ ತಂಡದವರು ಗಣೇಶಗುಡಿಯಲ್ಲಿ ಬೀಡುಬಿಟ್ಟಿದ್ದರು. ಜೋಯಿಡಾದ ಕಣಿವೆಗಳಲ್ಲಿ ಉಪಗ್ರಹದ ಸಂಕೇತವನ್ನು ನಂಬುವಂತಿಲ್ಲ. ಅವರ ಡ್ರೋನ್ ಕೆಳಗಿನ ನೆಲವನ್ನು ಕ್ಯಾಮರಾದಲ್ಲಿ ನೋಡುತ್ತ, ಮೊದಲೇ ತೆಗೆದಿಟ್ಟ ಚಿತ್ರಗಳಿಗೆ ಹೋಲಿಸುತ್ತ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಕಾಡಿನ ಊರುಗಳಿಗೆ ಔಷಧ ಮುಟ್ಟಿಸುವ ಪ್ರಯೋಗ. ಆ ಭಾಗದ ನರ್ಸ್ ನಾನು. ಒಂದು ಊರಿನಲ್ಲಿ ಅದು ಇಳಿಯಲು ತಕ್ಕ ಮನೆಯಂಗಳ ತೋರಿಸಿದವಳೂ ನಾನೇ. ಹುಲ್ಲಿನ ಹೊರೆ, ಭತ್ತ ಒಣಹಾಕಿದ ಚಾಪೆ, ಎಲ್ಲದರ ಚಿತ್ರ ತೆಗೆದ ಎಂಜಿನಿಯರ್, "ಇವನ್ನು ಕದಲಿಸಬೇಡಿ. ಗುರುತು ಸಿಗದಿದ್ದರೆ ಅದು ಇಳಿಯೋದಿಲ್ಲ" ಎಂದಿದ್ದ. ನಾನು ಅವಲಕ್ಕಿ ತಿನ್ನುತ್ತ ಹೂಂ ಅಂದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಮುಂದಿನ ವಾರ ನಾನು ಆ ಊರಿನಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದಾಗಲೇ ಅದೇ ಮನೆಯ ಅಜ್ಜಿಗೆ ಹಾವು ಕಚ್ಚಿತು. ಮಗ ಕಂಬಳಿಯನ್ನು ಗಳಕ್ಕೆ ಕಟ್ಟತೊಡಗಿದ. ರೋಗಿಗಳನ್ನು ಡಾಂಬರು ರಸ್ತೆಯವರೆಗೆ ಅವರು ಹೊರುವುದೇ ಹಾಗೆ. ನಾನು ಗುಡ್ಡ ಹತ್ತಿ ಡಾಕ್ಟರಿಗೂ ಡ್ರೋನ್ ತಂಡಕ್ಕೂ ಫೋನ್ ಮಾಡಿ ಬಂದು ಅವನನ್ನು ತಡೆದೆ.

"ಎರಡ ತಾಸು ಯಾಕ ಹೊತ್ತಗೊಂಡು ಹೋಗ್ತೀರಿ? ಅರ್ಧ ತಾಸಿನ್ಯಾಗ ಔಷಧ ಅಂಗಳಕ್ಕ ಬರತೈತಿ. ಡಾಕ್ಟರನ್ನ ಕೇಳೇನಿ, ನಾನ ಕೊಡ್ತೇನಿ."

ಎಂಥ ಜಂಭವಿತ್ತು ನನ್ನ ದನಿಯಲ್ಲಿ! ಸೊಸೆಗೆ, "ಅಂಗಳ ಒಂಚೂರು ಹಸನ ಮಾಡವಾ" ಎಂದು ಹೇಳಿ ಅಜ್ಜಿಯ ಬಳಿ ಕೂತೆ. ಹಾವು ಕಚ್ಚಿದ ಕಾಲು ಊದಿಕೊಳ್ಳುತ್ತಿತ್ತು.

ಹೊರಗೆ ಸೊಸೆ ಚಾಪೆ ಸುತ್ತಿಟ್ಟು, ಹುಲ್ಲು ಹಿತ್ತಲಿಗೆ ಸಾಗಿಸಿ, ಸಗಣಿಯಿಂದ ಸಾರಿಸಿ ರಂಗೋಲಿ ಎಳೆದಿದ್ದಳು. ಅತ್ತೆಯ ಜೀವ ಉಳಿಸಲು ಬರುವುದನ್ನು ಕಸದ ಅಂಗಳಕ್ಕೆ ಹೇಗೆ ಕರೆಯುವುದು?

ಡ್ರೋನ್ ಬಂತು. ಮೇಲೆ ನಿಂತು, ಸುತ್ತು ಹಾಕಿ, ಮತ್ತೆ ನಿಂತಿತು. ನಾವೆಲ್ಲ ಕೈ ಬೀಸಿ ಕರೆದೆವು. ಕರೆದರೆ ಇಳಿಯಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಔಷಧದ ಡಬ್ಬಿಯೊಂದಿಗೆ ಬಂದ ದಾರಿಗೇ ತಿರುಗಿತು. ಆಗ ಹಸಿ ಸಗಣಿಯ ಮೇಲೆ ನನ್ನ ಕಣ್ಣು ಬಿತ್ತು. ಎಂಜಿನಿಯರ್ ಹೇಳಿದ್ದು ಆಗ ನೆನಪಾಯಿತು.

ಮತ್ತೆ ಕಂಬಳಿ ಕಟ್ಟಿದರು. ಅಜ್ಜಿ ಬದುಕಿದಳು, ಕಾಲು ಉಳಿಯಲಿಲ್ಲ. "ಇನ್ನೂ ಮೊದಲೇ ತಂದಿದ್ದರೆ..." ಎನ್ನುತ್ತ ವೈದ್ಯರು ನನ್ನ ಮುಖ ನೋಡಿದರು.

ಕಳೆದ ತಿಂಗಳು ಆ ಮನೆಗೆ ಹೋದೆ. ಅಂಗಳದ ತುಂಬ ತರಗೆಲೆ, ಕೋಳಿ ಕೆದರಿದ ಮಣ್ಣು. ಸೊಸೆ ನೀರು ಕೊಟ್ಟು ತಲೆ ತಗ್ಗಿಸಿದಳು.

"ತಪ್ಪು ನಂದರಿ ಸಿಸ್ಟರ್. ಅಂಗಳದ ಗುರುತು ಸಿಗಲಿಲ್ಲಂತ ಡ್ರೋನಿನವರು ಅಂದ್ರು. ನಾ ಸಾರಸಬಾರದಿತ್ತು. ಅವತ್ತಿನಿಂದ ಅಂಗಳ ಮುಟ್ಟೇ ಇಲ್ಲರಿ."

ಕದಲಿಸಬೇಡಿ ಎಂದು ಹೇಳಿದ್ದು ನನಗೆ, ಅವಳಿಗಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ಒಳಗಿನಿಂದ ಅಜ್ಜಿ, "ಸಿಸ್ಟರ್ ಬಂದಾರೇನ? ಚಾ ಇಡವಾ" ಎಂದಳು.

ನಾನು ಚಹಾ ಕುಡಿದು ಎದ್ದು ಬಂದೆ.