ಕ್ಯಾಮೆರಾದ ಪಕ್ಕದ ಬೊಟ್ಟು

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುತ್ತಿದ್ದುದು ಅಡುಗೆಮನೆಗೆ ಮಾತ್ರ. ಹಾಲ್‌ನ ಕಿಟಕಿ ರೈಲು ಹಳಿಯ ಕಡೆಗಿತ್ತು. ಫಾಸ್ಟ್ ಲೋಕಲ್ ಹಾಯುವಾಗ ನಾವು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಿದ್ದೆವು. ಹೊರಗಿನವರಿಗೆ ಇದು ಹೇಗೆ ಕೇಳಿಸೀತೆಂದು ನಾವು ಮೊದಲು ಯೋಚಿಸಿದ್ದು ಅತ್ತಿಗೆಗೆ ವಿಡಿಯೊ ಕರೆಯಲ್ಲಿ ಸಂದರ್ಶನ ನಿಗದಿಯಾದಾಗ.

ಅತ್ತಿಗೆ ಮೈಸೂರಿನವರು, ಮದುವೆಗೆ ಮುಂಚೆ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದವರು. ಮಗಳು ಶಾಲೆಗೆ ಸೇರಿದ ವರ್ಷ ಐರೋಲಿಯ ಕಚೇರಿಯೊಂದಕ್ಕೆ ಅರ್ಜಿ ಹಾಕಿದ್ದರು. ಸಂದರ್ಶಿಸುವವರು ಬೆಂಗಳೂರಿನಲ್ಲಿದ್ದರು. ಹೆಣ್ಣಿನ ವಿದ್ಯೆ ಮದುವೆಯ ಮಂಟಪದಲ್ಲಿ ಕೊನೆಯಾಗಬಾರದೆಂದು ಅಂದೂ ನಂಬಿದ್ದ, ಇಂದೂ ನಂಬುವ ನಾನು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದನ್ನೆಲ್ಲ ಅವರಿಗೆ ಕಲಿಸಲು ಹೊರಟೆ.

ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟು, ನಾನು ಒಳಕೋಣೆಯಿಂದ ಕರೆ ಮಾಡಿ ತಾಲೀಮು ನಡೆಸಿದೆ. ಟ್ಯೂಬ್‌ಲೈಟಿನ ಕೆಳಗೆ ಅತ್ತಿಗೆಯ ಮುಖ ಜ್ವರ ಬಂದವರಂತೆ ಕಂಡಿತು. ಎರಡನೆಯ ಉತ್ತರವನ್ನು ರೈಲು ನುಂಗಿತು. ಅದಕ್ಕಿಂತ ನನ್ನನ್ನು ಕಾಡಿದ್ದು ಅವರ ಕಣ್ಣು. ಅವರು ಪರದೆಯ ಮೇಲಿನ ನನ್ನನ್ನು ನೋಡುತ್ತಿದ್ದರು. ನನಗೆ ಕಾಣುತ್ತಿದ್ದುದು ಬಾಗಿದ ರೆಪ್ಪೆ, ಹೆಣ್ಣು ನೋಡಲು ಬಂದವರೆದುರು ಕೂರಿಸಿದ ಹುಡುಗಿಯ ಹಾಗೆ.

"ಕ್ಯಾಮೆರಾ ನೋಡಿ ಅತ್ತಿಗೆ!"

"ಆ ಸೂಜಿ ತೂತನ್ನ ನೋಡ್ಕೊಂಡು ಏನ್ ಮಾತಾಡ್ಲೇ? ಗೋಡೆ ಹತ್ರ ಮಾತಾಡ್ದಂಗಿರತ್ತೆ."

ಅಡುಗೆಮನೆಯೊಂದೇ ದಾರಿ. ಅಲ್ಲಿಗೆ ರೈಲಿನ ಸದ್ದು ಅಷ್ಟಾಗಿ ಬಾರದು. ಆದರೆ ಸಂದರ್ಶನದ ಹೊತ್ತು ಅಮ್ಮ ಒಲೆಯ ಮುಂದಿರುವ ಹೊತ್ತು. ಮೇಲಾಗಿ ಈ ಉದ್ಯೋಗದ ವಿಚಾರವೇ ಅವಳಿಗೆ ಒಪ್ಪಿಗೆಯಾಗಿರಲಿಲ್ಲ.

"ನಿನ್ನ ಅಪ್ಪ ಹೋಟೆಲಿನಲ್ಲಿ ಊರಿಗೆಲ್ಲ ಊಟ ಹಾಕ್ತಾರೆ. ಇವಳು ಹೋಗಿ ದುಡಿಯುವಂತದ್ದು ಎಂತ ಬಂದದ್ದು ಈಗ?"

ಸ್ವಾವಲಂಬನೆ, ಸಮಾನತೆ, ಪ್ರತಿಭೆಗೆ ಸಲ್ಲಬೇಕಾದ ಗೌರವ ಎಂದು ನಾನು ವಾದವನ್ನು ಒಂದೊಂದೇ ಮೆಟ್ಟಿಲಾಗಿ ಕಟ್ಟಿದೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಆಯ್ತಾ ನಿನ್ನ ಭಾಷಣ? ಬೆಲ್ ಹೊಡೆದಾಯ್ತು ಮಾರಾಯ್ತಿ, ಇಳಿ ಕೆಳಗೆ."

ಅತ್ತಿಗೆ ವಾದಿಸಲಿಲ್ಲ. ಅಮ್ಮನ ಪಕ್ಕ ಕುಳಿತು ತಾವೂ ಒಂದು ಕಂತೆ ಎತ್ತಿಕೊಂಡರು. "ದುಡ್ಡಿಗೋಸ್ಕರ ಅಲ್ಲ ಅತ್ತೆ. ಲೆಕ್ಕ ಸರಿಹೋದಾಗ ಒಂಥರಾ ಖುಷಿ ಆಗತ್ತೆ. ನೀವು ಮುಚ್ಚಳ ತೆಗೆದು ಇಡ್ಲಿ ಉಬ್ಬಿರೋದನ್ನ ನೋಡ್ತೀರಲ್ಲ, ಹಾಗೆ. ಅದು ತಪ್ಪಿಹೋಗಿ ಐದು ವರ್ಷ ಆಯ್ತು."

ಅಮ್ಮ ಕೊನೆಯ ಕಂತೆಯನ್ನು ತನ್ನತ್ತ ಎಳೆದುಕೊಂಡಳು. ಸೊಪ್ಪು ಮುಗಿಯಿತು.

ಸಂದರ್ಶನದ ದಿನ ನಾನು ಹಾಲ್‌ನ ಕಿಟಕಿಗೆ ಹೊದಿಕೆ ತೂಗುಹಾಕುತ್ತಿದ್ದೆ. ಅಮ್ಮ ಕರೆದಳು. ಹೋಗಿ ನೋಡಿದರೆ ಅಡುಗೆ ಆಗಲೇ ಮುಗಿದಿತ್ತು. ಒರೆಸಿದ ಕಟ್ಟೆ ಒಣಗಿತ್ತು. ಲ್ಯಾಪ್‌ಟಾಪು ಕಣ್ಣಿನ ಎತ್ತರಕ್ಕೆ ಬರಲೆಂದು ಅಕ್ಕಿಯ ಡಬ್ಬವನ್ನು ತಾನೇ ಎತ್ತಿ ಕಟ್ಟೆಯ ಮೇಲಿಟ್ಟಿದ್ದಳು. ಅತ್ತಿಗೆಯನ್ನು ಕಿಟಕಿಗೆ ಮುಖ ಮಾಡಿ ಕೂರಿಸಿದಳು. ಆಮೇಲೆ ಕನ್ನಡಿಯ ಅಂಚಿಗೆ ಅಂಟಿಸಿಟ್ಟಿದ್ದ ತನ್ನ ಕೆಂಪು ಬೊಟ್ಟೊಂದನ್ನು ಕಿತ್ತು ತಂದು, ಕ್ಯಾಮೆರಾದ ಪಕ್ಕಕ್ಕೆ ಹೆಬ್ಬೆರಳಿನಿಂದ ಒತ್ತಿದಳು.

"ಗೋಡೆ ಹತ್ರ ಎಂತಕ್ಕೆ ಮಾತಾಡುದು? ನನ್ನ ಹತ್ರ ಮಾತಾಡು."

ಹಾಗೆಂದು ಲ್ಯಾಪ್‌ಟಾಪಿನ ಹಿಂದೆ ನಿಂತಳು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅಮ್ಮನಿಗೆ ಅದರಲ್ಲಿ ಎಷ್ಟು ತಿಳಿಯಿತೋ ಕಾಣೆ, ಪ್ರತಿ ಉತ್ತರಕ್ಕೂ ತಲೆಯಾಡಿಸುತ್ತಿದ್ದಳು. ಅತ್ತಿಗೆಯ ಕಣ್ಣು ಬೊಟ್ಟಿನಿಂದ ಕೆಳಗಿಳಿಯಲಿಲ್ಲ. ನಾನು ಕಲಿಸಿದ ಉತ್ತರಗಳಲ್ಲಿ ಒಂದನ್ನೂ ಅವರು ಹೇಳಲಿಲ್ಲ.

ಕೆಲಸ ಸಿಕ್ಕಿತು. ಕೆಲವು ವರ್ಷಗಳ ಬಳಿಕ ಅಣ್ಣನ ಸಂಸಾರವೇ ಐರೋಲಿಗೆ ಹೋಯಿತು. ಅಮ್ಮನ ಕೈಗೂ ಸ್ಮಾರ್ಟ್‌ಫೋನ್ ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಅತ್ತಿಗೆ ಕಚೇರಿಯಿಂದ ವಿಡಿಯೊ ಕರೆ ಮಾಡಿದರೆ, ಅಮ್ಮ ಫೋನನ್ನು ತೀರ ಹತ್ತಿರಕ್ಕೆ ಹಿಡಿಯುತ್ತಿದ್ದಳು. ಪರದೆಯ ತುಂಬ ಅವಳ ಹಣೆ, ಬೊಟ್ಟು, ಅದರ ಮೇಲೆ ತಿರುಗುವ ಫ್ಯಾನು. ನಾನು ಕೈ ಸರಿಪಡಿಸಲು ಹೋದರೆ ಅತ್ತಲಿಂದ ಅತ್ತಿಗೆ ತಡೆಯುತ್ತಿದ್ದರು: "ಬಿಡೇ, ಹಾಗೇ ಇರ್ಲಿ. ನಾನು ನೋಡೋ ಜಾಗ ಅದೇ."

ಅಷ್ಟರಲ್ಲಿ ಫಾಸ್ಟ್ ಲೋಕಲ್ ಬರುತ್ತಿತ್ತು. ಇಬ್ಬರೂ ಸುಮ್ಮನಾಗಿ ಕಾಯುತ್ತಿದ್ದರು. ದಾಟಿದ ಮೇಲೆ ಅಮ್ಮ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಿದ್ದಳು: "...ಮತ್ತೆ, ಲೆಕ್ಕ ಸರಿಹೋಯ್ತಾ ಇವತ್ತು?"