ಚಕ್ರದ ಮುಂದಿನ ನಿಂಬೆಹಣ್ಣು

ಕೆಲಮಂಗಲದಿಂದ ಹೊಸೂರಿನ ಕಾರ್ಖಾನೆಗೆ ಕೆಲಸದವರನ್ನು ಕರೆದೊಯ್ಯುವ ವ್ಯಾನು ನನ್ನದು. ಆ ರಸ್ತೆಯ ಗುಂಡಿಗಳೆಲ್ಲ ನನಗೆ ನೆಂಟರಿದ್ದಂತೆ. ಯಾವುದು ಎಲ್ಲಿ ಸಿಗುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಈ ಜಂಬವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಒಂದು ಆಯುಧಪೂಜೆಯ ದಿನ ನನ್ನ ಮಗಳ ಜೀವಕ್ಕೇ ಕುತ್ತು ತರುವುದರಲ್ಲಿದ್ದೆ.

ಅವಳಿಗೆ ಆಗ ಏಳು ವರ್ಷ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಸೇರಿದ್ದೆವು. ಹಬ್ಬದ ದಿನ ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಎರಡು ಗ್ಲಾಸು ಹಾಕಿ ಮನೆಗೆ ನಡೆದು ಬಂದೆ. ಕಾಲು ತೂರಾಡಲಿಲ್ಲ, ನಾಲಿಗೆ ತೊದಲಲಿಲ್ಲ. ಏನೂ ಏರಿಲ್ಲವೆಂದೇ ನಂಬಿದ್ದೆ.

ಹೆಂಡತಿ ವ್ಯಾನಿಗೆ ಪೂಜೆ ಮಾಡಿ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಳು. ಗಾಡಿ ಮುಂದಕ್ಕೆ ಹೋಗಿ ಹಣ್ಣು ಒಡೆದರೆ ದೃಷ್ಟಿ ಕಳೆಯುತ್ತದೆ. ಮಗಳು ಹಿಂದುಗಡೆ ಪ್ಲಾಸ್ಟಿಕ್ ಸ್ಟೂಲು ಹತ್ತಿ ಗಾಜಿಗೆ ಕುಂಕುಮ ಹಚ್ಚುತ್ತಿದ್ದಳು. ನಾನು ಸೀಟಿಗೆ ಹತ್ತಿ, ಕನ್ನಡಿಯನ್ನೂ ನೋಡದೆ ಗೇರ್ ಹಾಕಿ ಗಾಡಿ ಬಿಟ್ಟೆ. ಹೆಂಡತಿ ಕೂಗಿಕೊಂಡು ಓಡಿದ್ದು ಕೇಳಿಸಿತು. ಬ್ರೇಕ್ ಒತ್ತಬೇಕೆಂದೂ ತಿಳಿಯಿತು. ಕಾಲು ಮಾತ್ರ ತನ್ನ ಪಾಡಿಗೆ ತಾನು ನಿಧಾನವಾಗಿ ಹೋಯಿತು. ಅಷ್ಟರಲ್ಲಿ ಪಟ್ ಎಂದು ಸದ್ದಾಯಿತು. ಹಣ್ಣು ಒಡೆಯಿತೆಂದು ನಗುತ್ತಲೇ ಇಳಿದೆ.

ನಾಲ್ಕು ಹಣ್ಣೂ ಇಟ್ಟಲ್ಲೇ ಇದ್ದವು. ಗಾಡಿ ಹಿಂದಕ್ಕೆ ಹೋಗಿತ್ತು. ಚಕ್ರದಡಿ ಸ್ಟೂಲು ಚೂರಾಗಿತ್ತು. ಹೆಂಡತಿ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡಿದ್ದಳು. ಮಗುವಿನ ಕೈಯ ಕುಂಕುಮವೆಲ್ಲ ಅವಳ ಸೀರೆಗೆ ಮೆತ್ತಿತ್ತು.

"ಯಾವ್ ಗೇರ್ ಹಾಕ್ದೆ ಅಂತ್ಲೂ ಗೊತ್ತಿಲ್ದಂಗೆ ಕುಡ್ಕೊಂಡ್ ಬಂದಿದ್ದೀಯ," ಎಂದಳು. ಅಂದು ಹೆದರಿದಷ್ಟು ನಾನು ಬದುಕಿನಲ್ಲಿ ಎಂದೂ ಹೆದರಿಲ್ಲ. ಕುಡಿತ ಅಂದೇ ನಿಂತಿತು.

ಮರುವರ್ಷ ಹಣ್ಣು ಇಡುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಳು. ಹಣ್ಣು ಕೈಯಲ್ಲೇ ಹಿಡಿದು ನನ್ನ ಮುಂದೆ ನಿಂತಳು.

"ಅಪ್ಪ, ಬಾಯ್ ತೆಗಿ. ಮೂಸ್ ನೋಡ್ಬುಟ್ಟು ಇಡ್ತೀನಿ."

ನೆಂಟರಿಷ್ಟರ ಎದುರಿಗೇ ಮಂಡಿಯೂರಿ ಬಾಯಿ ತೆರೆದೆ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಅಂದಿನಿಂದ ನಮ್ಮ ಮನೆಯ ಪೂಜೆಗೆ ಅದೂ ಸೇರಿಕೊಂಡಿತು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ, ನನ್ನಷ್ಟೇ ಎತ್ತರ. ಮಂಡಿಯೂರುವ ಕಷ್ಟ ತಪ್ಪಿದೆ. ನಾನು ಗ್ಲಾಸು ಮುಟ್ಟುವುದಿಲ್ಲವೆಂದು ಗೊತ್ತಿದ್ದರೂ ಮೂಸದೆ ಹಣ್ಣು ಇಡುವುದಿಲ್ಲ. ಇಟ್ಟ ಮೇಲೆ ವ್ಯಾನಿನ ಹಿಂದೆ, ಸ್ಟೂಲು ಇದ್ದ ಅದೇ ಜಾಗಕ್ಕೆ ಹೋಗಿ ನಿಂತು, ಇನ್ನು ಗಾಡಿ ಬಿಡಪ್ಪ ಎನ್ನುತ್ತಾಳೆ.